ಚೌಕಟ್ಟಿನ ಮೇಲಂಚು

ಮೊಳೆಗಳನ್ನೆಲ್ಲ ಸೊಂಟದ ಎತ್ತರಕ್ಕೆ ಹೊಡೆದು, ಚಿತ್ರಗಳನ್ನು ತೂಗುಹಾಕಿ, ಆಳು ಊಟಕ್ಕೆ ಹೋಗಿಬಿಟ್ಟಿದ್ದ. ಹೋದ ವಾರ ಅದೇ ಸಭಾಂಗಣದಲ್ಲಿ ಚಿಕ್ಕಮಕ್ಕಳ ಚಿತ್ರಪ್ರದರ್ಶನ ನಡೆದಿತ್ತು. ಗೋಡೆಯ ಮೇಲೆ ಉಳಿದಿದ್ದ ಪೆನ್ಸಿಲ್ ಗುರುತನ್ನೇ ನಂಬಿ ಅವನು ಈ ಸಲವೂ ಸುತ್ತಿಗೆ ಆಡಿಸಿದ್ದ. ನಾಳೆ ಬೆಳಿಗ್ಗೆ ಬಾಗಿಲು ತೆರೆಯಬೇಕು. ಐವತ್ತು ದಾಟಿದ ಮೇಲೆ ಮೊದಲ ಸಲ ತಾನು ಬರೆದ ಚಿತ್ರಗಳನ್ನು ನಾಲ್ಕು ಜನರ ಮುಂದೆ ಇಡುತ್ತಿದ್ದ ಅವಳು, ತಲೆಯ ಮೇಲೆ ಕೈ ಹೊತ್ತು ನಡುವೆ ನಿಂತಳು.

ಸಭಾಂಗಣದ ಮೇಲ್ವಿಚಾರಕ ಬಾಗಿಲಲ್ಲಿ ತಲೆ ಹಾಕಿದ. ಅವನ ಚಿಂತೆಯೇ ಬೇರೆ.

“ಮೇಡಂ, ಹೊರಗೆ ಬೋರ್ಡ್ ಬರೆಯೋನು ಬ್ರಶ್ ಹಿಡಿದು ಕೂತಿದಾನೆ. ಕಾರ್ಯಕ್ರಮಕ್ಕೊಂದು ಹೆಸರು ಕೊಡಿ. ಗೋಡೆ ಮೇಲೆ ನಿಮ್ಮ ಚಿತ್ರ, ಸಂಜೆ ನಿಮ್ಮದೇ ಕಥೆ ಓದೋದು. ಎರಡಕ್ಕೂ ಸೇರಿ ಒಂದು ಮಾತು ಬೇಕಲ್ಲ? ಒಂದಕ್ಕೊಂದು ನಂಟೇ ಇಲ್ಲ ಅಂತಿದಾರೆ ಕಮಿಟಿಯವರು. ಸಿಗದಿದ್ರೆ ಬಿಡಿ, ಕಥೆ ಕೈಬಿಟ್ಟು ಬರೀ ಚಿತ್ರಪ್ರದರ್ಶನ ಅಂತ ಬರೆಸ್ತೀನಿ.”

“ಸ್ವಲ್ಪ ಹೊತ್ತು ಕೊಡಿ,” ಎಂದಳು. ವಾರದಿಂದ ಅದನ್ನೇ ಹೇಳುತ್ತಿದ್ದಳು. ಬಣ್ಣ, ಮೌನ, ದಾರಿ, ಬದುಕು, ಎಲ್ಲ ಹೆಸರನ್ನೂ ಹಚ್ಚಿ ನೋಡಿದ್ದಳು, ಯಾವುದೂ ಅಂಟಿರಲಿಲ್ಲ. ಕಥೆ ಬಿಟ್ಟು ಚಿತ್ರ ಮಾತ್ರ ಇಡುವುದೆಂದರೆ ಅವಳಿಗೆ, ಇಬ್ಬರು ಮಕ್ಕಳಲ್ಲಿ ಒಬ್ಬರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಂತೆ.

ಸಹಾಯಕ್ಕೆಂದು ಅವಳ ಅಣ್ಣ ಬಂದಿದ್ದ. ಜೀವಮಾನವೆಲ್ಲ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವನು. ಈಗ ಎಲ್ಲಿ ಹೋದರೂ ಮೊದಲು ಕೂರಲು ಜಾಗ ಹುಡುಕುತ್ತಾನೆ. ಕುರ್ಚಿ ಕಾಣಲಿಲ್ಲ. ಗೋಡೆಗೊರಗಿ ನೆಲದ ಮೇಲೇ ಕಾಲು ಚಾಚಿದ.

“ಪುಟ್ಟೀ, ನಿನ್ನ ಚಿತ್ರದ ಊರಲ್ಲಿ ಕ್ಷೌರದವನು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೋಬೇಕು ನೋಡು. ಒಬ್ರಿಗಾದ್ರೂ ತಲೆ ಬೇಡ್ವಾ?”

“ತಮಾಷೆ ಸಾಕು ಅಣ್ಣಾ. ಅದು ನನ್ನ ಶೈಲಿ.”

ಹಾಗೆಂದು ಅವಳೇ ನಂಬಿದ್ದಳು. ಹೊಲಿಗೆಯಂತ್ರದ ಮೇಲಿನ ಕೈಗಳು, ಅಂಗಡಿಯ ಮೇಜಿನ ತಳ, ಬಸ್ಸಿಗೆ ಕಾದವರ ಮೊಣಕೈ, ಒಲೆಯ ಮುಂದೆ ಒದ್ದೆ ಅಂಗೈ ಒರೆಸಿಕೊಳ್ಳುವ ಹೆಂಗಸು. ಚೌಕಟ್ಟಿನ ಮೇಲಂಚು ಎಲ್ಲರನ್ನೂ ಕುತ್ತಿಗೆಯ ಹತ್ತಿರ ಕಡಿದುಹಾಕಿತ್ತು.

ಇನ್ನೇನೋ ಚೇಷ್ಟೆ ಮಾಡಲು ಬಾಯಿ ತೆರೆದ ಅಣ್ಣ ಅಲ್ಲಿಗೇ ತಡೆದ. ಒಂದು ಚಿತ್ರ ನೋಡಿದ, ಅದರ ಪಕ್ಕದ್ದು ನೋಡಿದ.

“ಬಾ ಇಲ್ಲಿ. ಕೂತ್ಕೋ.”

“ನನಗೆ ತಲೆ ಕೆರ್ಕೊಳ್ಳೋಕೆ ಪುರುಸೊತ್ತಿಲ್ಲ.”

“ಕೂತ್ಕೋ ಅಂದ್ನಲ್ಲ.”

ಕೂತಳು. ನಿಂತಾಗ ಓರೆಯಾಗಿ ಕಾಣುತ್ತಿದ್ದ ಮೇಜಿನ ತಳ ನೆಟ್ಟಗಾಯಿತು. ಮೊಣಕೈಗಳು ಹಣೆಯ ಹತ್ತಿರ ಬಂದವು. ಒಲೆಯ ಮುಂದಿನ ಹೆಂಗಸು ಎಷ್ಟು ಎತ್ತರಕ್ಕೆ ಬೆಳೆದುಬಿಟ್ಟಳೆಂದರೆ, ಕೈ ಚಾಚಿದರೆ ಅವಳ ಮೊಣಕಾಲನ್ನು ತಬ್ಬಿಕೊಳ್ಳಬಹುದಿತ್ತು.

“ನಿನ್ನ ಕಥೆಗಳೂ ಹೀಗೇ,” ಅಣ್ಣ ಮೆಲ್ಲಗೆ ಹೇಳಿದ. “ಸೊಸೆ ಓದ್ತಾಳೆ, ಕೇಳ್ತೀನಿ. ಲೈಟು ರಿಪೇರಿಯವನು ಏಣಿ ಮೇಲಿಂದ ಮಾತಾಡ್ತಾನೆ. ನರ್ಸು ಮೆಟ್ಟಿಲ ಮೇಲಿಂದ ಕೂಗ್ತಾಳೆ. ಅಜ್ಜಿ ಮಹಡಿಯಿಂದ ಬೈತಾಳೆ. ಒಬ್ರ ಮುಖ ಹೇಗಿತ್ತು ಅಂತ ನೀನು ಬರೆಯೋದೇ ಇಲ್ಲ. ದನಿ ಮಾತ್ರ ಮೇಲಿಂದ ಬರುತ್ತೆ.”

ಅವಳು ಒಲೆಯ ಮುಂದಿನ ಹೆಂಗಸಿನತ್ತ ತಿರುಗಿದಳು. ಅಮ್ಮ ಹೋದಾಗ ಅವಳಿಗೆ ನಾಲ್ಕು ತುಂಬಿರಲಿಲ್ಲ. ಫೋಟೋದಲ್ಲಿನ ಮುಖ ಗೊತ್ತು, ನೆನಪಿನಲ್ಲಿ ಮುಖವಿರಲಿಲ್ಲ. ಪದ್ಯ ಹೇಳುವ ದನಿಯೊಂದಿತ್ತು. ಪದಗಳೆಲ್ಲ ಉದುರಿಹೋಗಿ ಏರಿಳಿತವಷ್ಟೇ ಉಳಿದ ದನಿ.

“ಅಮ್ಮನಿಗೆ ನಾನಂದ್ರೆ ಇಷ್ಟ ಇರ್ಲಿಲ್ವಾ ಅಣ್ಣಾ?” ಇಷ್ಟು ವರ್ಷ ಗಂಟಲಲ್ಲೇ ಇದ್ದ ಮಾತು ಹೊರಬಂತು. “ಒಂದು ಸಲವಾದ್ರೂ ನನ್ನ ಕಡೆ ನೋಡಿದ್ದು ನೆನಪಿಲ್ಲ.”

“ಹುಚ್ಚೀ! ನೀನು ಹುಟ್ಟಿದ ಮೇಲೆ ಅವಳಿಗೆ ದೊಡ್ಡ ಆಪರೇಶನ್ ಆಯ್ತು. ಭಾರ ಎತ್ತಿದ್ರೆ ಜೀವಕ್ಕೇ ಅಪಾಯ ಅಂದಿದ್ರು ಡಾಕ್ಟರು. ನೀನೋ, ಎರಡೂ ಕೈ ಮೇಲೆತ್ತಿ ದಿನವಿಡೀ ಅವಳ ಕಾಲ ಹತ್ರಾನೇ. ‘ಕೆಳಗೆ ನೋಡಿದ್ರೆ ಎತ್ಕೊಂಡುಬಿಡ್ತೀನಿ ಕಣೋ’ ಅಂತ ಗೋಡೆ ಕಡೆ ಮುಖ ಮಾಡಿ ಜೋರಾಗಿ ಪದ್ಯ ಹೇಳೋಳು. ನಿನ್ನನ್ನ ಸುಮ್ಮನಿರಿಸೋಕೆ ಅಂದ್ಕೊಂಡಿದ್ದೆ ನಾನು. ಅಲ್ಲ, ತನ್ನನ್ನ ತಾನು ಹಿಡ್ಕೊಳ್ಳೋಕೆ.”

“ಯಾಕೆ ಹೇಳ್ಲಿಲ್ಲ ನೀನು?”

“ನೀನು ಕೇಳ್ಲೇ ಇಲ್ವಲ್ಲೇ.”

ಪ್ರತಿ ಸಾಲಿನ ಕೊನೆಗೆ ಆ ದನಿ ಯಾಕೆ ಅಷ್ಟು ಉದ್ದಕ್ಕೆ ಎಳೆಯುತ್ತಿತ್ತೆಂದು ಅವಳಿಗೆ ಈಗ ತಿಳಿಯಿತು. ದನಿ ನಿಲ್ಲಿಸಿದರೆ ಮಗಳತ್ತ ಬಾಗಿಬಿಟ್ಟೇನು ಎಂದು.

ಮೇಲ್ವಿಚಾರಕ ಮತ್ತೆ ಬಂದ. ಈಗ ಒಳಗೇ ಬಂದು ಗೋಡೆ ನೋಡಿದ.

“ಅಯ್ಯೋ, ಇದೇನು ಇಷ್ಟು ಕೆಳಗೆ! ಆ ಪುಣ್ಯಾತ್ಮನ್ನ ಕರೆದು ಮೊಳೆ ಕೀಳಿಸ್ತೀನಿ ಇರಿ.”

“ಬೇಡ, ಹಾಗೇ ಇರಲಿ. ಹೆಸರು ಬರೆಸಿ.”

“ಏನಂತ?”

“ಎತ್ತಿಕೋ.”

“ಯಾರನ್ನ?” ಎಂದವನು, ಉತ್ತರ ಚಿತ್ರದಲ್ಲೇ ಇದ್ದೀತೆಂದು ಒಲೆಯ ಮುಂದಿನ ಹೆಂಗಸಿನ ಎದುರು ಕುಕ್ಕರಗಾಲಲ್ಲಿ ಕೂತ. ಅವಳ ಪಾದ ನೋಡಿದ. ಒದ್ದೆ ಅಂಗೈ ನೋಡಿದ. ಮೆಲ್ಲಗೆ ತಲೆಯೆತ್ತುತ್ತ, ಚೌಕಟ್ಟಿನ ಮೇಲಂಚನ್ನೂ ದಾಟಿ, ಅವಳ ಮುಖ ಹುಡುಕಿದ. ಅಲ್ಲಿ ಬರೀ ಸುಣ್ಣದ ಗೋಡೆ. ಆದರೂ ಬಹಳ ಹೊತ್ತು ಅವನು ಕತ್ತು ಇಳಿಸಲಿಲ್ಲ.