ಉಗುರುದ್ದದ ಪಿನ್ನು

“ಇದು ತಾನಾಗಿ ಉದುರಿದ್ದಲ್ಲ. ಯಾರೋ ಕಿತ್ತಿದ್ದಾರೆ.”

ಮೇಸ್ತ್ರಿ ಬಂದೂಕಿನ ಹೊಟ್ಟೆಯೊಳಗೆ ಟಾರ್ಚು ಹಿಡಿದ. ಅವಳು ಬಗ್ಗಿ ನೋಡಿದಳು. ಟ್ರಿಗರಿನ ಹಿಂದೆ ಒಂದು ಪುಟ್ಟ ತೂತು, ಖಾಲಿ. ಅದರ ಅಂಚಿನಲ್ಲಿ ಮೊಳೆಯಿಂದ ಕೆರೆದಂಥ ಗೀರು.

“ಇಲ್ಲೊಂದು ಪಿನ್ನಿರುತ್ತೆ. ಉಗುರುದ್ದ. ಈ ಬಳೆಯಂಥ ಲಿವರನ್ನ ಹಿಡಿಕೆಗೆ ಬಿಗಿಯಾಗಿ ಒತ್ತೋವರೆಗೂ ಅದು ಟ್ರಿಗರನ್ನ ಅಲ್ಲಾಡೋಕೆ ಬಿಡಲ್ಲ. ಈಗ ಅದೂ ಇಲ್ಲ, ಟ್ರಿಗರ್ ಬೇರೆ ಸವೆದಿದೆ. ನೆಲಕ್ಕೆ ಬಿದ್ದರೂ ಹಾರಬಹುದು.”

“ಪಿನ್ನು ಇದ್ದರೆ?”

“ಇದ್ದರೆ ನಮ್ಮಪ್ಪನೇ ಎದ್ದು ಬಂದು ಎತ್ತಿ ಕುಕ್ಕಿದರೂ ಹಾರಲ್ಲ, ತಾಯಿ.”

“ಹಾಗಾದರೆ ಹಾಕಿಕೊಡಿ.”

“ಎಲ್ಲಿಂದ ತರಲಿ? ಈ ಕಂಪನಿ ಮುಚ್ಚಿದಾಗ ನನ್ನ ತಲೇಲಿ ಕೂದಲಿತ್ತು.” ಅವನು ಬೋಳುತಲೆ ಸವರಿಕೊಂಡ. “ಅಷ್ಟಕ್ಕೂ ಯಾಕೆ? ಬೇಟೆಗೆ ಹೊರಟಿರಾ?”

“ನಮ್ಮನೆಯವರು ಇದರಿಂದಲೇ ಹೋಗಿದ್ದು,” ಎಂದಳು. “ಕೈಜಾರಿ ಬಿತ್ತು, ಬಿದ್ದ ಏಟಿಗೆ ಹಾರಿತು ಅಂತ ಕಾಗದದಲ್ಲಿ ಬರೆದಿದೆ. ಅದು ನಿಜವೋ ಸುಳ್ಳೋ ನನಗೆ ಗೊತ್ತಾಗಬೇಕು.”

ಮೇಸ್ತ್ರಿಯ ನಗು ಅಲ್ಲೇ ನಿಂತಿತು.

ನಾಲ್ಕು ವರ್ಷವಾಗಿತ್ತು. ಅಂದು ಮನೆಯಲ್ಲಿದ್ದವರು ಮೂವರು: ಗಂಡ, ಮೈದುನ, ಅವಳು. ಹೇಳಿಕೆ ಕೊಟ್ಟವನು ಮೈದುನ. ಅವಳಿಗೆ ತಿಂಗಳುಗಟ್ಟಲೆ ಮಾತೇ ಹೊರಡಲಿಲ್ಲ. ಬಂದೂಕನ್ನು ಪೊಲೀಸರ ಕೈಗೆ ಒಪ್ಪಿಸಿದವನೂ ಅವನೇ. ಪಿನ್ನಿಲ್ಲದ್ದನ್ನು ನೋಡಿ ಅವರು ಆಕಸ್ಮಿಕವೆಂದು ಬರೆದು ಕಡತ ಮುಚ್ಚಿದ್ದರು. ಕಳೆದ ತಿಂಗಳು ಬಂದೂಕು ಮನೆಗೆ ಮರಳಿತ್ತು.

ಅವಳಿಗೆ ನೆನಪಿದ್ದದ್ದು ಎರಡು ಸದ್ದು. ಒಂದು ಬಂದೂಕು ಬಿದ್ದದ್ದು, ಇನ್ನೊಂದು ಹಾರಿದ್ದು. ಯಾವುದು ಮೊದಲು ಎಂಬುದು ಮಾತ್ರ ಎಷ್ಟು ತಡಕಿದರೂ ಸಿಗುತ್ತಿರಲಿಲ್ಲ. ಅಂದಿನಿಂದ ಮನೆಯಲ್ಲಿ ಏನೇ ಬೀಳಲಿ, ಲೋಟವೋ ಬೀಗದ ಕೈಯೋ, ಅವಳು ಉಸಿರು ಬಿಗಿಹಿಡಿದು ಇನ್ನೊಂದು ಸದ್ದಿಗೆ ಕಾಯುತ್ತಿದ್ದಳು. ಅದು ಬರುತ್ತಿರಲಿಲ್ಲ. ಬಾರದಿರುವುದೇ ಹೆಚ್ಚು ಹಿಂಸೆಯಾಗುತ್ತಿತ್ತು.

ಪೇಟೆಯ ಬಂದೂಕಿನ ಅಂಗಡಿಯವನು ಡಬ್ಬಿಗಳನ್ನೆಲ್ಲ ಸುರುವಿ ನೋಡಿದ. “ಅಯ್ಯೋ, ಇಂಥವು ಎರಡಿದ್ದವು ಕಣಮ್ಮ. ನಿನ್ನೆ ತಾನೇ ಒಬ್ಬರು ಎರಡನ್ನೂ ತಗೊಂಡು ಹೋದ್ರು. ಒಂದು ಕಾಲು ಎಳೀತಾ ನಡೀತಾರಲ್ಲ, ಅವರು.”

ಗುಜರಿಯವನೂ ಅದನ್ನೇ ಹೇಳಿದ. ಕಾಲು ಎಳೆಯುವವರು ಬಂದಿದ್ದರಂತೆ, ಇದೇ ಕಂಪನಿಯ ಮುರಿದ ಬಂದೂಕನ್ನು ಇಡಿಯಾಗಿ ಹೊತ್ತುಕೊಂಡು ಹೋದರಂತೆ.

ಅವಳು ನೇರ ಮನೆಗೆ ಬಂದು, ಮಹಡಿ ಹತ್ತಿ ಮೈದುನನ ಬಾಗಿಲು ತಟ್ಟಿದಳು. ಅವನು ಅರ್ಧ ತೆರೆದ, ಅಡ್ಡ ನಿಂತ.

“ಪಿನ್ನು ಕೊಡು.”

“ಅತ್ತಿಗೆ, ಅದನ್ನ ಕೆದಕಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ನಿಂಗ್ಯಾಕೆ ಇಷ್ಟು ಭಯ?”

“ಭಯಾನೇ ಅಂತಿಟ್ಟುಕೊಳ್ಳಿ. ಆ ಹಾಳು ಕಬ್ಬಿಣಾನ ಕೆರೆಗೆ ಎಸೆದು ಬನ್ನಿ. ನಾಲ್ಕು ವರ್ಷ ಬದುಕಿಲ್ವಾ?”

“ಇದನ್ನ ಬದುಕು ಅಂತೀಯಾ?”

ಅವನು ಅವಳ ಮುಖ ನೋಡಲಿಲ್ಲ. ಬಾಗಿಲು ಮುಚ್ಚಿಕೊಂಡ.

ದಾರಿ ತೋರಿಸಿದ್ದು ಮೇಸ್ತ್ರಿಯ ನೆನಪು. ಹಿಂದೊಮ್ಮೆ ಇದೇ ಜಾತಿಯ ಬಂದೂಕನ್ನು ಅವನು ಒಬ್ಬ ಬೇಟೆಗಾರನಿಗೆ ಸರಿಮಾಡಿಕೊಟ್ಟಿದ್ದ. ಬೇಟೆಗಾರ ಈಗಿಲ್ಲ, ಹೆಂಡತಿ ಇದ್ದಾಳೆ. ಮೇಸ್ತ್ರಿ ಅವಳನ್ನು ಅಲ್ಲಿಗೆ ಕರೆದೊಯ್ದಾಗ ಮುದುಕಿಯ ಹಿತ್ತಿಲ ಬಾಗಿಲಿಗೆ ಆ ಬಂದೂಕೇ ಒತ್ತುಗೋಲಾಗಿ ನಿಂತಿತ್ತು.

“ತಗೊಂಡು ಹೋಗವ್ವ, ನಂಗೇನಾಗಬೇಕು ಅದರಿಂದ,” ಎಂದಳು ಮುದುಕಿ. “ಬಾಗಿಲಿಗೊಂದು ಚಿಲಕ ಹಾಕಿಸಿಕೊಡು. ಗಂಡ ಇದ್ದಾಗ ಈ ಬಂದೂಕು ಒಂದು ಮೊಲಾನೂ ಹೊಡೀಲಿಲ್ಲ. ಬೆಕ್ಕು ತಡೆದಿದ್ದೇ ಇದರ ಸಾಧನೆ.”

ಮೇಸ್ತ್ರಿ ನಿಂತ ಕಾಲಲ್ಲೇ ಚಿಲಕ ಜಡಿದ. ತುಕ್ಕಿನ ಗೂಡಾಗಿದ್ದ ಆ ಬಂದೂಕಿನೊಳಗೆ ಪಿನ್ನು ಮಾತ್ರ ಎಣ್ಣೆಯಲ್ಲಿ ಅದ್ದಿಟ್ಟಂತಿತ್ತು.

ಮರುದಿನ ಮಧ್ಯಾಹ್ನ ಪರೀಕ್ಷೆ. ಮೇಸ್ತ್ರಿ ತೋಟಾದಿಂದ ಗುಂಡೂ ಮದ್ದೂ ತೆಗೆದು, ಏಟು ಬಿದ್ದರೆ ಸಿಡಿಯುವ ಕ್ಯಾಪನ್ನಷ್ಟೇ ಉಳಿಸಿದ. ಮೊದಲು ಪಿನ್ನಿಲ್ಲದೆ, ಸೊಂಟದೆತ್ತರದಿಂದ ಹಲಗೆಯ ಮೇಲೆ ಬೀಳಿಸಿದ. ಮೂರನೆಯ ಸಲಕ್ಕೆ ಟಪ್ ಎಂದಿತು. ಆರನೆಯದಕ್ಕೆ ಮತ್ತೆ. ಅವಳ ಭುಜಗಳು ಸಡಿಲಾದವು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಪೂರ್ತಿ ಉಸಿರೆಳೆದುಕೊಂಡಂತಿತ್ತು.

ಆಮೇಲೆ ಪಿನ್ನು ಹಾಕಿದ. ಬೀಳಿಸಿದ. ಸದ್ದಿಲ್ಲ.

“ಇನ್ನೊಂದು ಸಲ.”

ಹತ್ತಾಯಿತು, ಇಪ್ಪತ್ತಾಯಿತು. ಮರದ ಸುತ್ತಿಗೆಯಿಂದಲೂ ಬಡಿದ.

“ಇನ್ನೊಂದು ಸಲ, ಮೇಸ್ತ್ರಿ.”

ನಲವತ್ತಕ್ಕೆ ಅವನ ರಟ್ಟೆ ಸೋತಿತು. ಬಂದೂಕನ್ನು ಮೇಜಿನ ಮೇಲಿಟ್ಟು ಸ್ಟೂಲಿನಲ್ಲಿ ಕುಕ್ಕರಿಸಿದ.

“ಸಾಕು ತಾಯಿ. ಪಿನ್ನಿದ್ದರೆ ಇದು ತಾನಾಗಿ ಹಾರಲ್ಲ. ಅವತ್ತು ಪಿನ್ನಿತ್ತು ಕೂಡ. ಆ ಗೀರಿನ ಮೇಲೆ ಕೂತಿರೋದು ನಾಲ್ಕು ವರ್ಷದ ತುಕ್ಕು ಮಾತ್ರ. ಪಿನ್ನು ಮುಂಚೇನೇ ಹೋಗಿದ್ದರೆ ತೂತಿನ ಒಳಗೋಡೆ ಇಷ್ಟು ನುಣುಪಾಗಿ ಉಳೀತಿರಲಿಲ್ಲ. ಜೀವ ಹೋದ ಮೇಲೆ, ಪೊಲೀಸರು ಬರೋ ಮುಂಚೆ ಕಿತ್ತಿದ್ದಾರೆ. ತಾನಾಗಿ ಹಾರಿತು ಅಂತ ನಂಬಿಸೋಕೆ.”

ಅವಳು ಮೇಜಿನ ಮೇಲಿದ್ದ ಬಂದೂಕಿನ ಲಿವರನ್ನು ಬೆರಳಿನಿಂದ ಮುಟ್ಟಿದಳು.

“ಅಂದ್ರೆ ಒಂದು ಕೈ ಲಿವರನ್ನ ಒತ್ತಿ ಹಿಡಿದಿತ್ತು. ಬೆರಳು ಟ್ರಿಗರ್ ಎಳೆದಿತ್ತು. ಮೊದಲು ಹಾರಿದೆ, ಆಮೇಲೆ ಬಿದ್ದಿದೆ.” ಮೇಸ್ತ್ರಿ ದನಿ ತಗ್ಗಿಸಿದ. “ಪಿನ್ನುಗಳನ್ನೆಲ್ಲ ಬಾಚಿಕೊಂಡು ಹೋದನಲ್ಲ ನಿಮ್ಮ ಮೈದುನ, ಇದಕ್ಕೇ. ಅವನನ್ನ ಬಿಡಬೇಡಿ. ನಡೀರಿ ಠಾಣೆಗೆ, ಸಾಕ್ಷಿ ನಾನು ಹೇಳ್ತೀನಿ.”

ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ, ಗಂಟು ಬಿಗಿದು, ಬಾಗಿಲವರೆಗೆ ಹೋಗಿ ತಿರುಗಿದಳು.

“ಮೈದುನ ಅವತ್ತು ಮಹಡಿ ಮೇಲಿದ್ದ,” ಎಂದಳು. “ಬಂದೂಕು ನನ್ನ ಕೈಲಿತ್ತು.”