ಮೀನಿನ ಡಬ್ಬಿಯ ಮಂಜುಗಡ್ಡೆ

ಗಂಗಾಂಬಿಕಾ ಮೀನಿನ ಡಬ್ಬಿಗೆ ಕೈ ಹಾಕಿ ಹಿಡಿ ತುಂಬ ಮಂಜುಗಡ್ಡೆ ತೆಗೆದಳು. ಜೂರಾಲ ಅಣೆಕಟ್ಟಿನ ಬಳಿ ಮೀನು ಮಾರುತ್ತಿದ್ದವಳು ಅವಳ ಕೊರಳಿನ ಇಷ್ಟಲಿಂಗದ ಕರಡಿಗೆ ನೋಡಿ ಗಾಬರಿಯಾದಳು. "ಯಮ್ಮಾ, ಲಿಂಗಾಯತರು ನೀವು. ಅದು ಮೀನಿನ ಬರಫ ಐತ್ರೀ!"

"ಗೊತ್ತೈತಕ್ಕ. ಸ್ವಲ್ಪ ತಡೀರಿ."

ಆಗಷ್ಟೇ ಕಾರಿನಲ್ಲಿ ಅತ್ತೆ ಗುರಮ್ಮ, "ಈಕಿನ್ನ ನಾಕು ಮಂದ್ಯಾಗ ಕರಕೊಂಡು ಹೋಗಬಾರದು" ಎಂದಿದ್ದರು. ಹಿಂದೆಲ್ಲ ಇಂಥ ಮಾತಿಗೆ ಗಂಗಾಂಬಿಕಾ ರಕ್ತ ಬರುವಂತೆ ತನ್ನ ಮುಂಗೈ ಕಚ್ಚಿಕೊಳ್ಳುತ್ತಿದ್ದಳು. ಏರಿದ ಭಾವನೆ ಅಲೆಯಂತೆ ಇಳಿಯುತ್ತದೆ, ಅಲ್ಲಿಯವರೆಗೆ ಮಂಜುಗಡ್ಡೆ ಹಿಡಿದು ನಿಲ್ಲಿ ಎಂದು ಗದ್ವಾಲದ ಮನೋಚಿಕಿತ್ಸಾ ಗುಂಪಿನಲ್ಲಿ ಕಲಿಸಿದ್ದರು. ಅವಳು ಮನೆಯಲ್ಲಿ ಈ ಅಲೆಯ ಮಾತು ಹೇಳಿದಾಗಲೆಲ್ಲ ಗುರಮ್ಮ ಅದನ್ನು ಬರಫಿನ ಆಟ ಎಂದು ಹಂಗಿಸುತ್ತಿದ್ದರು.

ಮೀನಿನಂಗಡಿ ಕಂಡರೆ ಮೂಗು ಮುಚ್ಚಿಕೊಳ್ಳುವ ಗುರಮ್ಮ ಈಗ ಕಾರಿನಿಂದಿಳಿದು ಬಂದರು. ಸೊಸೆಯ ಬೆರಳುಗಳು ಕೆಂಪಾಗಿದ್ದವು, ನೀರು ಮೊಣಕೈಗೆ ಇಳಿಯುತ್ತಿತ್ತು, ಉಸಿರು ನಿಧಾನವಾಗುತ್ತಿತ್ತು. ಮುಂಗೈ ಮೇಲೆ ಹಲ್ಲಿನ ಹಳೆಯ ಗುರುತುಗಳಿದ್ದವು, ಹೊಸದು ಒಂದೂ ಇರಲಿಲ್ಲ. ಗುರಮ್ಮ ಅದನ್ನೇ ನೋಡುತ್ತ ನಿಂತರು.

"ಆ ನಿನ್ನ ಅಲಿ ಇಳೀತೇನವ್ವ?"

"ಇಳಿಯಾಕತ್ತೈತ್ರೀ, ಅತ್ತಿ."

ಗುರಮ್ಮ ಸೊಸೆಯ ಒದ್ದೆ ಕೈಯನ್ನು ತಮ್ಮ ನಾರಾಯಣಪೇಟೆ ಸೀರೆಯ ಸೆರಗಿನಲ್ಲಿ ಹಿಡಿದುಕೊಂಡರು.

"ಅಮ್ಮಾರ, ಸೀರಿಗೆ ಮೀನಿನ ವಾಸನಿ ಹತ್ತತೈತಿ!" ಎಂದಳು ಮಾರುವವಳು.

"ಹತ್ತಲಿ ಬಿಡು," ಎಂದು ಗುರಮ್ಮ ಒಂದೊಂದೇ ಬೆರಳನ್ನು ಒರೆಸತೊಡಗಿದರು.