ಬಳೆ ಒಡೆಯುವ ದೃಶ್ಯ

ಎರಡು ಡಜನ್ ಗಾಜಿನ ಬಳೆ ಬಂದಿದ್ದವು. ತೊಡಲು ಒಂದು ಕೈಯೂ ಮುಂದೆ ಬರಲಿಲ್ಲ.

ಮಿರ್ಲೆಯ ಕೆರೆ ಏರಿಯ ಕೆಳಗೆ ಸಿನಿಮಾದವರು ಹುಲ್ಲಿನ ಗುಡಿಸಲು ಕಟ್ಟಿ ತೊಂಬತ್ತು ವರ್ಷ ಹಿಂದಿನ ಊರನ್ನು ನಿಲ್ಲಿಸಿದ್ದರು. ಅಂದು ತೆಗೆಯಬೇಕಿದ್ದದ್ದು ಹೆಂಗಸೊಬ್ಬಳನ್ನು ವಿಧವೆ ಮಾಡುವ ದೃಶ್ಯ. ಆ ಪಾತ್ರಕ್ಕೆ ಬಂದಿದ್ದ ಹುಡುಗಿ ಹಿಂದಿನ ಸಂಜೆ ವಿವರ ಕೇಳಿದವಳೇ ಬಸ್ ಹತ್ತಿದ್ದಳು. ಸುದ್ದಿ ಊರೆಲ್ಲ ಹರಡಿತ್ತು. ಕೂಲಿಗೆ ಬಂದಿದ್ದ ಹನ್ನೆರಡು ಹೆಂಗಸರು ಕೊಟ್ಟ ಸೀರೆಗಳನ್ನು ಖುಷಿಯಿಂದಲೇ ಉಟ್ಟರು; ಬಳೆ ಡಬ್ಬಿ ತೆರೆದ ಕೂಡಲೇ ಹುಣಸೆಮರದ ಕಡೆ ಸರಿದರು.

ಉಡುಪಿನ ಜವಾಬ್ದಾರಿ ಹೊತ್ತಿದ್ದ ಸಂಘಮಿತ್ರಳಿಗೆ ಮೈಯೆಲ್ಲ ಉರಿಯಿತು. ಕಳೆದ ಚಿತ್ರದಲ್ಲಿ ಅವಳು ಉಡಿಸಿದ ಹಳೇ ಕಾಲದ ರಾಣಿಯ ರವಿಕೆಯಲ್ಲಿ ಜಿಪ್ ಕಂಡು, ಜನ ವರ್ಷವಿಡೀ ಫೋನಿನಲ್ಲಿ ಹಂಚಿಕೊಂಡು ನಕ್ಕಿದ್ದರು. ಈ ಸಲ ಸೀರೆಗೆ ಫಾಲ್ ಇಲ್ಲ, ಸೆರಗಿಗೆ ಪಿನ್ನಿಲ್ಲ, ರವಿಕೆಗೆ ಹುಕ್ಕಿನ ಬದಲು ಗಂಟು. ಈ ಶಾಸ್ತ್ರವನ್ನೂ ಅವಳು ಬಿಟ್ಟಿರಲಿಲ್ಲ. ಎಂಬತ್ತು ದಾಟಿದ ಚಿಕ್ಕಸಿದ್ದಮ್ಮನ ಮುಂದೆ ಎಂಟು ದಿನ ಕೂತು, ಯಾವುದು ಮೊದಲು, ಯಾವುದು ಆಮೇಲೆ ಎಂದು ಎಲ್ಲವನ್ನೂ ಬರೆದುಕೊಂಡಿದ್ದಳು. ಈಗ ಆ ಮುದುಕಿಯೇ ಅಡ್ಡ ನಿಂತಿದ್ದಳು.

“ಬರ್ಕೊಳ್ಳಕ್ಕೆ ಏಳ್ದೆ ಕಣವ್ವ, ಮಾಡಕ್ಕಲ್ಲ. ಗಂಡ ಬದುಕಿರೋಳ ಮೇಲೆ ಇದ್ನ ಮಾಡ್ಬಾರ್ದು.”

ಆಗ ಗುಂಪಿನಿಂದ ದೂರ ಒಬ್ಬಳೇ ಕೂತಿದ್ದ ರಾಧಾ ಎದ್ದಳು. ಅವಳ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಗಂಡ ನಟರಾಜು ಪಿರಿಯಾಪಟ್ಟಣದ ತಂಬಾಕು ಹರಾಜಿಗೆಂದು ಹೊರಟವನು ಬೈಕಿನಲ್ಲಿ ಕರೆತಂದು ಬಿಟ್ಟುಹೋಗಿದ್ದ. ಅಲ್ಲಿಂದಾಚೆಗೆ ಅವಳು ಯಾರ ಜತೆಗೂ ಮಾತಾಡಿರಲಿಲ್ಲ.

ತಾನು ಮಾಡುತ್ತೇನೆ ಎಂದಳು. ಆಮೇಲೆ ಸಂಘಮಿತ್ರಳ ಹತ್ತಿರ ಬಂದು ಕೇಳಿದಳು: “ಪೂರ್ತಿ ಮಾಡ್ತೀರಾ ಮೇಡಂ? ಒಂದೂ ಬುಡ್ದಂಗೆ?”

ತನ್ನ ಕೆಲಸದ ಬೆಲೆ ತಿಳಿದವಳು ಕೊನೆಗೂ ಒಬ್ಬಳು ಸಿಕ್ಕಳು ಎಂದು ಸಂಘಮಿತ್ರ ಹಿಗ್ಗಿದಳು.

ರಾಧಾ ತನ್ನ ತಾಳಿಯನ್ನು ಬಿಚ್ಚಿ ಚಿಕ್ಕಸಿದ್ದಮ್ಮನ ಮುಂದೆ ಹಿಡಿದಳು. ನೆಲಕ್ಕೆ ಬೀಳಬಾರದೆಂದಷ್ಟೇ ಮುದುಕಿ ಕೈಯೊಡ್ಡಿದಳು. ಸಿನಿಮಾದ ಅರಿಶಿನದ ದಾರವನ್ನು ರಾಧಾ ಯಾರಿಂದಲೂ ಕಟ್ಟಿಸಿಕೊಳ್ಳಲಿಲ್ಲ. ತಾನೇ ಕಟ್ಟಿಕೊಂಡಳು.

ಹನ್ನೊಂದಕ್ಕೆ ಕ್ಯಾಮೆರಾ ಓಡಿತು. ಸಿನಿಮಾದವರೇ ಹೂವು ಮುಡಿಸಿದರು, ಕೈತುಂಬ ಬಳೆ ತೊಡಿಸಿದರು, ಆಮೇಲೆ ಒಂದೊಂದಾಗಿ ತೆಗೆದರು. ಬಳೆ ಒಡೆದಾಗ ರಾಧಾಳ ಗಂಟಲಿನಿಂದ ಹೊರಟ ಅಳು ಕೇಳಿ ಲೈಟಿನ ಹುಡುಗರೂ ತಲೆ ತಗ್ಗಿಸಿದರು. ಕ್ಯಾಮೆರಾ ನಿಂತಿತು, ಅಳು ನಿಲ್ಲಲಿಲ್ಲ. ಇನ್ನೊಂದು ಸಲ ಬೇಡ ಎಂದು ನಿರ್ದೇಶಕರೇ ಎದ್ದುಹೋದರು.

ಮುಖ ತೊಳೆದು ಕುಂಕುಮ ಇಟ್ಟುಕೋ ಎಂದರೆ ರಾಧಾ ಒಪ್ಪಲಿಲ್ಲ. ಸಂಜೆಯವರೆಗೆ ಹೀಗೇ ಇರುತ್ತೇನೆ ಎಂದು ಬರಿ ಹಣೆಯಲ್ಲೇ ಗೋಡೆಗೆ ಒರಗಿ ಕೂತಳು.

ಹೆಂಗಸರಿಗೆ ತಡೆಯಲಾಗಲಿಲ್ಲ. ನಟರಾಜುಗೆ ಫೋನ್ ಮಾಡಿದರು. ಸ್ವಿಚ್ ಆಫ್. ಅವರಲ್ಲೊಬ್ಬಳ ತಮ್ಮ ಶಶಿ ಹರಾಜು ಕಟ್ಟೆಯಲ್ಲೇ ಇದ್ದ; ಅವನನ್ನು ವಿಚಾರಿಸಿದರು. ನಟರಾಜು ಬೆಳಿಗ್ಗೆಯಿಂದ ಆ ಕಡೆಗೇ ಬಂದಿಲ್ಲ ಎಂದು ಶಶಿ ಹೇಳಿದ.

ಊಟ ಯಾರಿಗೂ ಸೇರಲಿಲ್ಲ. ಇಂಥದ್ದನ್ನೆಲ್ಲ ನಂಬುವವರನ್ನು ಕಂಡು ನಗುತ್ತಿದ್ದ ಸಂಘಮಿತ್ರಳ ನಗು ಎರಡು ಗಂಟೆಗೇ ಹೋಯಿತು. ನಾಲ್ಕಕ್ಕೆ ಮತ್ತೆ ಫೋನ್ ಮಾಡಿದಳು. ಅದೇ ಸ್ವಿಚ್ ಆಫ್. ಹುಣಸೂರಿನ ರಸ್ತೆ, ತಿರುವು, ಲಾರಿಗಳು ಕಣ್ಣ ಮುಂದೆ ಬಂದವು. ಒಂದು ಜಿಪ್ಪಿಗೆ ನಕ್ಕವರ ಬಾಯಿ ಮುಚ್ಚಿಸಲು ಹೋಗಿ ಯಾರದೋ ಗಂಡನನ್ನು ತಿಂದೆನೇ ಎಂದು ತನ್ನನ್ನೇ ಬೈದುಕೊಂಡಳು.

ರಾಧಾಳನ್ನು ಕೇಳಿದರೆ, ಬರ್ತಾರೆ ಎಂದಳು, ಅಷ್ಟೇ. ಮುಖದಲ್ಲಿ ಗಾಬರಿಯ ಸುಳಿವೇ ಇರಲಿಲ್ಲ. ಅದನ್ನು ಕಂಡೇ ಸಂಘಮಿತ್ರ ಹೆಚ್ಚು ಹೆದರಿದಳು.

ಚಿಕ್ಕಸಿದ್ದಮ್ಮ ಸಂಘಮಿತ್ರಳ ಕಿವಿಯ ಹತ್ತಿರ ಬಗ್ಗಿದಳು. “ಗಂಡನ ಮ್ಯಾಲೆ ಇಷ್ಟ್ ದ್ವೇಸ ಇರೋಳು ಅಂತ ಗೊತ್ತಿರ್ನಿಲ್ಲ ಕಣವ್ವ. ಬೇಕಂತ್ಲೇ ಮಾಡ್ಸ್ಕೊಂಡವ್ಳೆ.”

ಐದೂವರೆಗೆ ಏರಿಯ ಮೇಲೆ ಬೈಕಿನ ಸದ್ದು ಕೇಳಿತು. ನಟರಾಜು ಇಳಿದು ಬಂದ. ತಲೆ ಒದ್ದೆ, ಅಂಗಿಯೂ ಒದ್ದೆ, ಕಣ್ಣು ಕೆಂಪು. ಆದರೆ ಆಸಾಮಿ ಗಟ್ಟಿಯಾಗಿದ್ದ. ಮರದಡಿಯ ಹೆಂಗಸರು ಉಸ್ಸೆಂದರು, ಒಬ್ಬಳಂತೂ ಅತ್ತೇಬಿಟ್ಟಳು. ಚಿಕ್ಕಸಿದ್ದಮ್ಮ ಬಾಯಿಗೆ ಬಂದಂತೆ ಬೈದು, ತಾಳಿಯನ್ನು ಅವನ ಕೈಗೆ ತುರುಕಿ ಹಿಂದೆ ಸರಿದಳು. ಸಂಘಮಿತ್ರ ಓಡಿಬಂದು, ತಪ್ಪೆಲ್ಲ ತನ್ನದೇ, ಹಟ ಹಿಡಿದು ಹೀಗೆ ಮಾಡಿಸಿದೆ, ಕ್ಷಮಿಸಬೇಕು ಎಂದು ತೊದಲಿದಳು.

ಹೆಂಡತಿಯ ಬರಿಗೈ ನೋಡಿಯೂ ನಟರಾಜು ಸಿಟ್ಟಾಗಲಿಲ್ಲ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ: “ಮಣ್ಣಾಯ್ತು ಕಣೆ. ಕೊನೇವರ್ಗೂ ನಾನು ನಿಂತಿದ್ದೆ.”

ಯಾರ ಮಣ್ಣು ಎಂದು ಸಂಘಮಿತ್ರ ಕೇಳಿದಳು.

ನಟರಾಜು ಮರದ ಕಡೆ ಒಮ್ಮೆ ನೋಡಿ, ಅವರಿಗೆ ಕೇಳಿಸದಷ್ಟು ದನಿ ತಗ್ಗಿಸಿದ. “ಸರಗೂರಿನ ವೆಂಕಟೇಶಂದು ಮೇಡಂ, ರಾತ್ರಿ ತೀರ್ಕೊಂಡ. ಇವ್ಳಿಗೆ ಮೊದ್ಲು ತಾಳಿ ಕಟ್ಟಿದ್ದು ಅವ್ನು. ಇವ್ಳ ಮನೆಯೋರು ಬಿಡ್ಸಿ, ಮುಚ್ಚಾಕಿ, ನಂಗೆ ಕೊಟ್ರು. ನಮ್ಮೂರಲ್ಲಿ ಯಾರ್ಗೂ ಗೊತ್ತಿಲ್ಲ. ಗಟ್ಟಿಯಾಗಿ ಅಳಕ್ಕೆ ಇವ್ಳಿಗೊಂದು ಜಾಗ ಬೇಕಿತ್ತು, ಅದ್ಕೇ ನಾನೇ ಇಲ್ಲಿಗೆ ಕರ್ಕೊಂಬಂದು ಬುಟ್ಟೆ.”